ಆರಿಸಿದ ಕಲ್ಲು

"ಆ ಅರ್ಥ ಅಲ್ಲ ದೊಡ್ಡಮ್ಮ," ಎಂದ ಸತ್ಯಮಿತ್ರ. ಬಂದಾಗಿನಿಂದ ಅದನ್ನೇ ಹೇಳುತ್ತಿದ್ದ.

"ಇನ್ಯಾವ ಅರ್ಥ ಅದೆ? ಅಲ್ನೋಡು." ದೊಡ್ಡಮಾದಮ್ಮ ಮಲಗಿದಲ್ಲಿಂದಲೇ ಕೈ ತೋರಿಸಿದಳು. ಹೊಸ್ತಿಲ ಬಳಿ ಅವಳ ತಂಗಿ ಚಿಕ್ಕನಿಂಗಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. "ಆರ್ಸಿ ಆಚ್ಗೆ ಎಸ್ಯದು ಕಲ್ಲನ್ನ. ಅಕ್ಕಿ ಎಲ್ಲ ಒಟ್ಗೆ ಮೊರದಲ್ಲೇ ಉಳ್ಕತದೆ."

ಮಾತು ಶುರುವಾದದ್ದು ಅವನಿಂದಲೇ. ಹೋದ ಭಾನುವಾರ ಅವಳ ಹಾಸಿಗೆ ಪಕ್ಕ ಕುಳಿತು, ಧೈರ್ಯ ಬರಲಿ ಎಂದು, ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ ಎಂದು ಹೇಳಿ ಚಾಮರಾಜನಗರದ ಬಸ್ಸು ಹತ್ತಿದ್ದ. ಅಲ್ಲಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವವನಿಗೆ ಒಂದು ಪದಕ್ಕೆ ಎಷ್ಟು ಅರ್ಥ ಎಂದು ನೋಡಿಕೊಳ್ಳುವ ಪುರುಸೊತ್ತು ಇರಲಿಲ್ಲ. ಇಲ್ಲಿ ಭೀಮನಬೀಡಿನಲ್ಲಿ ಮುದುಕಿ ವಾರವಿಡೀ ಆ ಪದದ ಜೊತೆ ಮಲಗಿದ್ದಳು.

ಅವಳನ್ನು ಕ್ರೈಸ್ತ ಸಭೆಗೆ ಕರೆತಂದವನೂ ಅವನೇ. ಹಾಸ್ಟೆಲ್ಲಿನ ದಿನಗಳಲ್ಲಿ ರಾಜಣ್ಣ ಎಂಬ ಹೆಸರು ಕಳಚಿ ಸತ್ಯಮಿತ್ರನಾಗಿದ್ದ. ದೇವರನ್ನು ಓದಿ, ವಾದಿಸಿ, ಒಪ್ಪಿಕೊಂಡಿದ್ದ. ಅವಳು ಒಪ್ಪಿದ್ದು ದೇವರನ್ನಲ್ಲ, ತಾನು ಸಾಕಿದ ಹುಡುಗನನ್ನು. ಇವನು ನಂಬಿದರೆ ಸರಿಯೇ ಇರಬೇಕು ಎಂದು ದೀಕ್ಷೆಯ ನೀರಿಗಿಳಿದಳು. ಅವಳ ನಂಬಿಕೆ ಕಂಡರೆ ಅವನಿಗೆ ಹೊಟ್ಟೆಕಿಚ್ಚು. ದೇವರು ತನ್ನನ್ನು ಆರಿಸಿದ್ದಾನೋ ಇಲ್ಲವೋ ಎಂಬುದು ಅವನಿಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಈಗೀಗ ಹುಡುಕುವುದೂ ಬೇಜಾರು.

"ನಿಮ್ ದೊಡ್ಡಪ್ಪ ನೀರ್ಗೆ ಇಳಿನಿಲ್ಲ," ಎಂದಳು ದೊಡ್ಡಮಾದಮ್ಮ. ದೊಡ್ಡಪ್ಪ ಮಾದಣ್ಣ ಸತ್ತು ವರ್ಷಗಳಾಗಿದ್ದವು.

"ಇಲ್ಲ."

"ನಿಂಗಿನೂ ಇಳಿಯಕಿಲ್ಲ."

"ಯಾವ್ ನೀರೂ ಬ್ಯಾಡ ನಂಗೆ," ಎಂದಳು ಚಿಕ್ಕನಿಂಗಮ್ಮ, ಮೊರದಿಂದ ತಲೆ ಎತ್ತದೆ.

"ಅಂಗಾರೆ ಅವ್ರೆಲ್ಲ ಒಂದ್ಕಡೆ, ನಾನೊಬ್ಳೇ ಆಚ್ಗಾ?"

"ಅದನ್ನ ದೇವರು ನೋಡ್ಕೊಳ್ತಾನೆ. ಔಷಧಿ ತಗೊಂಡ್ಯಾ?"

"ಪ್ರಾರ್ಥನೆ ಮಾಡು ಮಗ. ನನ್ನ ಆರಿಸ್ಬ್ಯಾಡ ಅಂತ ಯೋಳು. ನೀನು ಓದ್ದವ್ನು, ನಿನ್ ಮಾತ್ನ ಕೇಳ್ತನೆ."

ನಗಬೇಕಾದ ಮಾತು. ಅವನಿಗೆ ನಗು ಬರಲಿಲ್ಲ. ಎಲ್ಲ ಮೊದಲೇ ನಿಶ್ಚಯವಾಗಿದ್ದರೆ ಕೇಳಿ ಫಲವಿಲ್ಲ; ಆಗಿಲ್ಲದಿದ್ದರೆ ತಾನು ಇಷ್ಟು ವರ್ಷ ನಂಬಿದ್ದು ಸುಳ್ಳು. ತರಗತಿಯಲ್ಲಾದರೆ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಮುಗಿಸುತ್ತಿದ್ದ. ಇಲ್ಲಿ ಅವಳು ಅವನ ಕೈ ಹಿಡಿದುಕೊಂಡಿದ್ದಳು. ಅವಳ ಹೆದರಿಕೆ ಇವತ್ತೇ ಹೋಗಬೇಕಿತ್ತು. ಮುಂದಿನ ಭಾನುವಾರಕ್ಕೆ ಅವಳು ಇರುತ್ತಾಳೆಂದು ಡಾಕ್ಟರೂ ಹೇಳಿರಲಿಲ್ಲ.

ಕಣ್ಣು ಮುಚ್ಚಿದ. "ತಂದೆಯೇ, ಈ ತಾಯಿಯ ವಿಷಯದಲ್ಲಿ ನಿನ್ನ ಚಿತ್ತದಂತೆಯೇ ಆಗಲಿ," ಎಂದ. ಎತ್ತ ಬೇಕಾದರೂ ಹೊಂದುವ ಮಾತು.

"ಆಮೆನ್!" ದೊಡ್ಡಮಾದಮ್ಮನ ಮುಖ ಅರಳಿತು. ತಂಗಿಯ ಕಡೆ ತಿರುಗಿದಳು. "ಕೇಳ್ಬುಟ್ಟ ಕಣಮ್ಮಿ. ಇನ್ನೇನಿಲ್ಲ, ನಾನೂ ನಿಮ್ ಜೊತ್ಗೇಯ."

ಅವಳು ನಿದ್ದೆಹೋದಳು. ಅವಳಿಗೆ ಮೋಸ ಮಾಡಿದೆ ಅನ್ನಿಸಿ ಅವನಿಗೆ ನಾಚಿಕೆಯಾಯಿತು. ಯಾರ ಪರವಾಗಿ ಮಾಡಿದೆ ಎಂಬುದು ಮಾತ್ರ ಹೊಳೆಯಲಿಲ್ಲ.

ವಾಪಸ್ಸು ಹೊರಟವನು ಬಸ್ಸು ಬದಲಿಸಲು ಗುಂಡ್ಲುಪೇಟೆಗೆ ಬಂದಾಗ ಇನ್ನೂ ಬಿಸಿಲಿತ್ತು. ಎಸ್‌ಟಿಡಿ ಬೂತಿನ ಎದುರು ಚಾಮರಾಜನಗರದ ಬಸ್ಸು ನಿಂತಿತ್ತು, ಡ್ರೈವರ್ ಇರಲಿಲ್ಲ. ಎಲ್ಲಾದರೂ ಕೂತರೆ ಸಾಕಾಗಿತ್ತು. ಹತ್ತಿದ. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಕಿಟಕಿಯಿಂದ ಎಸೆದ ಟವೆಲ್ಲು, ಕರ್ಚೀಫು, ಖಾಲಿ ಬ್ಯಾಗು, ಎಲ್ಲ ಸೀಟಿನ ಮೇಲೂ ಏನಾದರೊಂದು. ಒಂದರ ಅಂಚಿನಲ್ಲಿ ಕೂರಲು ಹೋದ.

"ಅದ್ಕೆ ಜನ ಅವ್ರೆ ಸಾ," ಕೆಳಗಿನಿಂದ ಕಳ್ಳೇಕಾಯಿ ಮಾರುವವನು ಕೂಗಿದ.

"ಎಲ್ಲಿ?"

"ಬತ್ತರೆ."

ಸತ್ಯಮಿತ್ರ ಕಂಬಿ ಹಿಡಿದು ನಿಂತ. ಮುಂದಿನಿಂದ ಹಿಂದಿನವರೆಗೆ ಒಬ್ಬರೂ ಇರಲಿಲ್ಲ, ಒಂದು ಸೀಟೂ ಖಾಲಿ ಇರಲಿಲ್ಲ.