ಅವಸರದ ಸನ್ಮಾನ

ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಟಿವಿ ಮುಂದೆ ಕೂತು ತಿಂಡಿ ತಿನ್ನುತ್ತಿದ್ದ ಮಕ್ಕಳಿಗೆಲ್ಲ ನನ್ನ ಗಂಡ ಸುಧನ್ವ ಗೊತ್ತಿದ್ದ. ಲೆಸ್ಟರ್‌ನಲ್ಲಿ ಹುಟ್ಟಿದ, ಉಡುಪಿ ಮೂಲದವರ ಮಗ. ವರ್ಷಗಟ್ಟಲೆ ಮಕ್ಕಳ ಕಾರ್ಯಕ್ರಮದ ನಿರೂಪಕ. ನಡುನಡುವೆ ಧಾರಾವಾಹಿಗಳಲ್ಲಿ ಡಾಕ್ಟರು, ಅಂಗಡಿಯವ, ಒಮ್ಮೆ ಹೆಣ. ನನ್ನ ಐಟಿ ಕೆಲಸದ ವೀಸಾ ಹಿಡಿದು ಮೆಲ್ಬರ್ನಿಗೆ ಬಂದು ವಿಂಡಮ್ ವೇಲ್‌ನಲ್ಲಿ ಮನೆ ಮಾಡಿದ ಮೇಲೆ ಅವನು ಯಾರೂ ಅಲ್ಲ.

ಆಡಿಷನ್‌ಗೆ ಹೋದರೆ ಟ್ಯಾಕ್ಸಿ ಡ್ರೈವರನ ಪಾತ್ರ. ಇಂಡಿಯನ್ ಆಕ್ಸೆಂಟಿನಲ್ಲಿ ಮಾತಾಡು ಎನ್ನುತ್ತಾರೆ. ಪಾಪ, ಅವನು ಅದನ್ನು ಮೈಸೂರಿನಲ್ಲಿರುವ ನನ್ನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಕಲಿತ. ಕಲಿತರೂ ಪಾತ್ರ ಸಿಗಲಿಲ್ಲ. ಮನೆಗೆ ಬಂದು ಅವನು ಪಾತ್ರೆ ತೊಳೆಯುವ ರಭಸದಲ್ಲೇ ನನಗೆ ಫಲಿತಾಂಶ ತಿಳಿದುಬಿಡುತ್ತಿತ್ತು.

ಅಂಥದ್ದರಲ್ಲಿ ಸಿಡ್ನಿಯ ಒಂದು ಚಾನೆಲ್ ಹೊಸ ಮಕ್ಕಳ ಕಾರ್ಯಕ್ರಮಕ್ಕೆ ಅವನನ್ನು ಆರಿಸಿತು. ಆಕ್ಸೆಂಟ್ ಕೇಳಲಿಲ್ಲ, ಅವನು ಅವನಾಗಿದ್ದರೆ ಸಾಕಿತ್ತು. ಸೋಮವಾರ ಸಹಿ. ಏಜೆಂಟ್ ಒಂದೇ ಮಾತು ಒತ್ತಿ ಹೇಳಿದಳು: ಚಾನೆಲ್ ತಾನೇ ಪ್ರಕಟಿಸುವ ತನಕ ವಿಷಯ ಹೊರಗೆ ಹೋಗಕೂಡದು. ನಾವು ಬಾಯಿ ಮುಚ್ಚಿಕೊಂಡು, ಸಿಡ್ನಿಯ ಪ್ಯಾರಮಟ್ಟಾದಲ್ಲಿ ಬಾಡಿಗೆಗೆ ಮನೆ ಹುಡುಕತೊಡಗಿದೆವು. ಅವನು ಪಾತ್ರೆ ತೊಳೆಯುತ್ತ ಹಾಡುವುದನ್ನು ನಾನು ಎಷ್ಟೋ ಕಾಲದ ಮೇಲೆ ಕೇಳಿದೆ.

ಅಷ್ಟರಲ್ಲಿ ದೂಮಪ್ಪ ಅಂಕಲ್ ಫೋನು. ನಮ್ಮ ಕನ್ನಡ ಬಳಗದ ಅಧ್ಯಕ್ಷರು, ಅವರೂ ಉಡುಪಿ ಕಡೆಯವರು.

"ಸುಧನ್ವ, ಈ ಸಲದ ರಾಜ್ಯೋತ್ಸವಕ್ಕೆ ನಿರೂಪಣೆ ನೀನೇ ಮಾಡ್ಬೇಕು ಮಾರಾಯ. ಎಂತ ಹೇಳ್ತಿ?"

"ಸಾರಿ ಅಂಕಲ್, ಆಗಲ್ಲ."

ನಮ್ಮ ಜನಕ್ಕೆ 'ಆಗಲ್ಲ' ಎಂಬುದು ಉತ್ತರವಲ್ಲ, ಅಲ್ಲಿಂದಲೇ ಮಾತು ಶುರು. ಯಾಕೆ ಆಗಲ್ಲ, ಎಷ್ಟು ಹೊತ್ತಿನ ಕೆಲಸ, ನಮ್ಮವನಾಗಿ ನೀನೇ ಹೀಗಂದರೆ ಹೇಗೆ. ನಾವಾದರೆ ನೆಂಟರ ಮದುವೆಯೋ ಸೊಂಟನೋವೋ ಒಂದನ್ನು ಮುಂದಿಟ್ಟು ಪಾರಾಗುತ್ತೇವೆ. ಇಂಗ್ಲೆಂಡಿನಲ್ಲಿ ಬೆಳೆದವನಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಹಿಂಡಿಸಿಕೊಂಡು, ಕೊನೆಗೆ ಚಾನೆಲ್, ಕಾರ್ಯಕ್ರಮಗಳ ಹೆಸರು ಸಮೇತ ನಿಜ ಹೇಳಿಬಿಟ್ಟ.

"ಅಂಕಲ್, ಇದು ಸೀಕ್ರೆಟ್. ಸಿಡ್ನಿಲಿ ಕಿಡ್ಸ್ ಶೋ ಸಿಕ್ಕಿದೆ. ಆ ವೀಕ್ ಶೂಟಿಂಗ್. ಪ್ಲೀಸ್, ಯಾರಿಗೂ ಹೇಳ್ಬೇಡಿ."

"ನಾನು ಯಾರಿಗೆ ಹೇಳ್ಲಿಕ್ಕೆ ಹೋಗ್ತೇನೆ. ನನ್ನ ಹೊಟ್ಟೆಯಲ್ಲೇ ಇರ್ತದೆ ಅದು."

ಶನಿವಾರ ಬೆಳಿಗ್ಗೆ ವಾಟ್ಸಾಪಿನಲ್ಲಿ ಪೋಸ್ಟರ್ ಬಂತು. ಅರಿಸಿನ ಕುಂಕುಮದ ಬಾವುಟ, ಅದರ ನಡುವೆ ಸುಧನ್ವನ ಹಳೆಯ ನಗುಮುಖ, ಕೆಳಗೆ ಚಾನೆಲಿನ ಹೆಸರು, ಕಾರ್ಯಕ್ರಮದ ಹೆಸರು, 'ನಮ್ಮ ಹೆಮ್ಮೆಯ ಕನ್ನಡಿಗನಿಗೆ ಸನ್ಮಾನ'. ಅವನು ಶೂಟಿಂಗಿಗೆ ಹೋಗುವ ಮೊದಲೇ ಆಗಲೆಂದು, ರಾಜ್ಯೋತ್ಸವಕ್ಕೆ ಕಾಯದೆ, ಬರುವ ಭಾನುವಾರದ ಬಳಗದ ಕೂಟದಲ್ಲೇ. ಮಧ್ಯಾಹ್ನದ ಹೊತ್ತಿಗೆ ಅದು ಸಿಡ್ನಿಯ ಕನ್ನಡ ಗುಂಪುಗಳನ್ನೂ ಸುತ್ತಿ ಫೇಸ್‌ಬುಕ್ ಹತ್ತಿತ್ತು. ಯಾರೋ ಪುಣ್ಯಾತ್ಮರು ಅಭಿಮಾನ ತಾಳಲಾರದೆ ಚಾನೆಲನ್ನೇ ಟ್ಯಾಗ್ ಮಾಡಿದ್ದರು.

ಸೋಮವಾರ ಸಹಿ ಆಗಲಿಲ್ಲ. ಪೋಸ್ಟರೇ ಕಾರಣ ಎಂದು ಏಜೆಂಟ್ ಮುಚ್ಚುಮರೆಯಿಲ್ಲದೆ ಹೇಳಿದಳು. ಸಹಿಗೆ ಮೊದಲೇ ಗುಟ್ಟು ನಿಲ್ಲದವನನ್ನು ಹೇಗೆ ನಂಬುವುದು ಎಂದರಂತೆ ಚಾನೆಲಿನವರು. ಸುಧನ್ವ ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಎದ್ದು ಹೋಗಿ ಒಂದೊಂದೇ ಲೋಟವನ್ನು ಮೆಲ್ಲಗೆ ತೊಳೆಯತೊಡಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ದೂಮಪ್ಪ ಅಂಕಲ್‌ಗೆ ಫೋನ್ ಹಚ್ಚಿದೆ.

"ಯಾಕೆ ಹೇಳಿದ್ರಿ ಅಂಕಲ್?"

"ಹೊರಗೆ ಯಾರಿಗೂ ಹೇಳ್ಲಿಲ್ಲಮ್ಮ. ಕಮಿಟಿಗೆ ಮಾತ್ರ."

"ಕೆಲ್ಸ ಹೋಯ್ತು."

"ದೇವರೇ" ಎಂದರು. ಆಮೇಲೆ ಮೆಲ್ಲಗೆ, "ಆದ್ರೆ ಸನ್ಮಾನ ಈಗ ನಿಲ್ಲಿಸ್ಲಿಕ್ಕೆ ಆಗುದಿಲ್ಲಮ್ಮ. ಊರಿಗೆಲ್ಲ ಹೇಳಿ ಆಗಿದೆ. ಪೇಟ ಮೈಸೂರಿನಿಂದ ಬಂದಿದೆ" ಎಂದರು.

ಹೋಗುವುದೇ ಬೇಡ ಎಂದು ನಾನು ಹಟ ಹಿಡಿದೆ. "ಇಲ್ಲ ಅನಘಾ, ಹೋಗಿ ನಾನೇ ಹೇಳ್ತೀನಿ. ಎಲ್ರೂ ಕೇಳ್ಲಿ" ಎಂದ. ಅವನ ದನಿಯಲ್ಲಿ ಸಿಟ್ಟಿತ್ತು. ನನಗೆ ಸಂತೋಷವಾಯಿತು.

ಗ್ಲೆನ್ ವೇವರ್ಲಿಯ ಶಾಲೆಯೊಂದರ ಸಭಾಂಗಣ ತುಂಬಿತ್ತು. ಎಂದಿನಂತೆ ಮಕ್ಕಳು ಕುರ್ಚಿಗಳ ನಡುವೆ ಓಡುತ್ತಿದ್ದವು, ಮೈಕಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಪೇಟ ಕಿವಿಯ ತನಕ ಇಳಿದಿತ್ತು. ಸುಧನ್ವ ಮೈಕ್ ತೆಗೆದುಕೊಂಡ.

"ಥ್ಯಾಂಕ್ಸ್. ಆದ್ರೆ ಆ ಶೋ ನನಗಿಲ್ಲ. ನಿಮ್ಮ ಪೋಸ್ಟರ್ ನೋಡಿ ಅವ್ರು ಬೇಡ ಅಂದ್ರು. ನಂಗೆ ನಲವತ್ತಾರು. ಇನ್ನೊಂದು ಚಾನ್ಸ್ ಬರಲ್ಲ."

ಕಮಿಟಿಯವರು ತಲೆ ತಗ್ಗಿಸಿದರು. ತಗ್ಗಿಸಲಿ, ಚೆನ್ನಾಗಿ ತಗ್ಗಿಸಲಿ ಎಂದುಕೊಂಡೆ. ಆಗ ದೂಮಪ್ಪ ಅಂಕಲ್ ಎದ್ದು ಬಂದು ಮೈಕ್ ಇಸಿದುಕೊಂಡರು. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಟಿವಿಯವರಿಗೆ ಬೇಡದಿದ್ರೆ ಎಂತ? ನಮಗೆ ಬೇಕು. ಇನ್ನು ಪ್ರತಿ ವರ್ಷ ನಮ್ಮ ನಿರೂಪಕ ಇವರೇ. ಇವತ್ತಿಂದಲೇ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಚಪ್ಪಾಳೆ ಶಾಲು ಹೊದಿಸುವಾಗಲೂ ಬಿದ್ದಿರಲಿಲ್ಲ. ಯಾರೋ ಅವನ ಕೈಗೆ ಮುಂದಿನ ನೃತ್ಯದ ಚೀಟಿ ಕೊಟ್ಟರು. ಅವನು ನನ್ನತ್ತ ನೋಡಿದ. ಬೇಡ, ಇಳಿದು ಬಾ ಎಂದು ನಾನು ಕಣ್ಣಿನಲ್ಲೇ ಹೇಳಿದೆ.

ಅವನು ಪೇಟ ತೆಗೆದು ಪಕ್ಕಕ್ಕಿಟ್ಟ. ವೇದಿಕೆಯ ಅಂಚಿನಲ್ಲಿ ಮಂಡಿಯೂರಿ, ಮೈಕನ್ನು ಬಾಯಿಯ ಹತ್ತಿರ ತಂದು, ಒಂದೇ ಒಂದು ಮಗುವಿಗೆ ಕತೆ ಹೇಳುವ ಹಾಗೆ ಮೆಲ್ಲನೆ ಆ ನೃತ್ಯದ ಬಗ್ಗೆ ಹೇಳತೊಡಗಿದ. ಓಡುತ್ತಿದ್ದ ಮಕ್ಕಳು ಒಂದೊಂದಾಗಿ ನಿಂತವು. ಬಂದು ಅವನೆದುರು ನೆಲದ ಮೇಲೆ ಕೂತವು. ಅಷ್ಟು ಚೆನ್ನಾಗಿ ಮಾಡಿದ. ನನಗೆ ತಡೆದುಕೊಳ್ಳಲಾಗದೆ ಅಳು ಬಂತು.