ಬೋಳು ಅಂಗಳಕ್ಕೊಂದು ನೋಟೀಸು

ನೋಟೀಸು ಬಂದದ್ದು ಮಾರ್ಚ್ ತಿಂಗಳ ಮೊದಲ ಸೋಮವಾರ. ದಪ್ಪನೆಯ ಕೆನೆಬಣ್ಣದ ಕಾಗದ, ಮೂಲೆಯಲ್ಲಿ ಹತ್ತಿಕಾಯಿಯ ಚಿತ್ರ. ಯಾರದೋ ಮದುವೆಯ ಕರೆಯೋಲೆ ಇರಬೇಕೆಂದು ಒಡೆದೆ. ನಮ್ಮ ಮನೆಯ ಮುಂದಿನ ಅಂಗಳ ಬೋಳಾಗಿದೆಯೆಂದೂ, ಅದು ಊರಿನ ಐತಿಹಾಸಿಕ ಸ್ವರೂಪಕ್ಕೆ ಹೊಂದುವುದಿಲ್ಲವೆಂದೂ, ಅರವತ್ತು ದಿನದೊಳಗೆ ಹುಲ್ಲು ಬೆಳೆಸದಿದ್ದರೆ ದಂಡ ಬೀಳುವುದೆಂದೂ ಟಾರ್ವಿನ್ ಪರಂಪರೆ ಸಮಿತಿಯವರು ಬರೆದಿದ್ದರು. ಕೊನೆಯಲ್ಲಿ 'ಪ್ರೀತಿಯಿಂದ' ಎಂದು ಅಧ್ಯಕ್ಷೆ ಕ್ಯಾಮಿಲ್ಲಾ ಥ್ಯಾಕ್ಸ್‌ಟನ್ನಳ ಸಹಿ.

ನನ್ನ ಅತ್ತೆ ವರ್ಡೆಲ್ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಕ್ರಿಸ್ಮಸ್ಸಿಗೆ ಮುಂಚೆ ಸೊಂಟ ಮುರಿದಾಗಿನಿಂದ ಅದೇ ಅವಳ ಸಿಂಹಾಸನ. ಎರಡು ಸಲ ಓದಿಸಿಕೊಂಡಳು.

"ಬೋಳು ಅಂತ ಬರ್ದಿದಾರಾ?"

"ಹೂಂ."

"ಗುಡ್ಸಿರೋ ಅಂಗಳ ಅಂತ ಬರ್ದಿಲ್ವಾ?"

"ಇಲ್ಲಮ್ಮ."

"ಹಂಗಾದ್ರೆ ಅದು ನಮ್ಮನೇದಲ್ಲ ಬಿಡು. ವಿಳಾಸ ತಪ್ಪಾಗಿದೆ ಅಂತ ವಾಪಸ್ ಕಳ್ಸು."

ನಮ್ಮ ಅಂಗಳದಲ್ಲಿ ಒಂದು ಎಳೆ ಹುಲ್ಲಿಲ್ಲ ಎನ್ನುವುದು ನಿಜ. ಕೆಂಪು ಜೇಡಿ ನೆಲ. ತೊಂಬತ್ತು ವರ್ಷ ಪೊರಕೆ ತಿಂದು ತಿಂದು ಸಿಮೆಂಟಿನ ಹಾಗೆ ಗಟ್ಟಿಯಾಗಿದೆ. ಕಾಡಿನ ಡಾಗ್‌ವುಡ್ ಕೊಂಬೆಗಳನ್ನು ಕಟ್ಟಿದ ಪೊರಕೆಯಿಂದ ಬೇಲಿಯ ಕಡೆಯಿಂದ ಶುರು ಮಾಡಿ ಹಿಂದೆ ಹಿಂದೆ ಸರಿಯುತ್ತ ಗುಡಿಸಿ ಮೆಟ್ಟಿಲು ಹತ್ತಬೇಕು. ಗುಡಿಸಿದವಳ ಕಾಲಿನ ಗುರುತೂ ಉಳಿಯಬಾರದು. ಡಿಸೆಂಬರಿನವರೆಗೆ ಅತ್ತೆಯೇ ಗುಡಿಸುತ್ತಿದ್ದಳು. ಆಮೇಲೆ ಆ ಕೆಲಸ ನನ್ನ ಕೈಗೆ ಬಂತು. ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಊಟ ಬೇಯಿಸಿ, ಶನಿವಾರ ಬೆಳಿಗ್ಗೆ ಬೆನ್ನು ಬಗ್ಗಿಸುತ್ತಿದ್ದೆ. ಅವಳು ಕುರ್ಚಿಯಿಂದ ಹೇಳಿಕೊಡುತ್ತಿದ್ದಳು. "ಅಲ್ಲಿ ಬಿಟ್ಟೆ. ಅಲ್ಲಿ. ನಿನ್ನ ಬಲಗಡೆ. ಕಣ್ಣಿಗೆ ಕಾಣಲ್ವಾ ಜೊನೆಟ್ಟಾ?"

ಕಾಣುತ್ತಿತ್ತು. ಆದರೆ ನನಗೆ ಆ ಅಂಗಳ ಕಂಡರೆ ಆಗುತ್ತಿರಲಿಲ್ಲ. ನಾನು ಮೇಕನ್ ನಗರದವಳು. ನಮ್ಮ ತಂದೆ ಅಂಚೆ ಇಲಾಖೆಯಲ್ಲಿದ್ದರು. ಮನೆ ಮುಂದೆ ಚಾಪೆಯಷ್ಟು ಅಗಲ ಹುಲ್ಲಿತ್ತು. ಪ್ರತಿ ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಅವರು ಅದನ್ನು ತಲೆ ಬಾಚಿ ಕನ್ನಡಿ ನೋಡುವ ಹಾಗೆ ಒಮ್ಮೆ ನೋಡಿ ಹೊರಡುತ್ತಿದ್ದರು. ಮೂವತ್ತೊಂದು ವರ್ಷದ ಹಿಂದೆ ಮದುವೆಯಾಗಿ ಇಲ್ಲಿ ಕಾರಿನಿಂದ ಇಳಿದಾಗ, ಈ ಬೋಳು ನೆಲ ನೋಡಿ ಗಂಡನ ಕಿವಿಯಲ್ಲಿ, "ಬಡವರ ಮನೆ ಅಂತ ಊರಿಗೆಲ್ಲ ಸಾರಬೇಕಾ? ಒಂದಿಷ್ಟು ಹುಲ್ಲು ಹಾಕ್ಸೋಕೆ ಆಗಲ್ವಾ?" ಎಂದಿದ್ದೆ. ಅವನು ನಕ್ಕು ಸುಮ್ಮನಾದ. ಪ್ರತಿ ವಸಂತದಲ್ಲೂ ಅದನ್ನೇ ಕೇಳಿದೆ, ಅವನು ಪ್ರತಿ ವಸಂತದಲ್ಲೂ ನಕ್ಕ. ಅವನು ತೀರಿಹೋಗಿ ಆರು ವರ್ಷವಾಯಿತು. ಹಾಗಾಗಿ, ಸತ್ಯ ಹೇಳುತ್ತೇನೆ, ನೋಟೀಸು ಓದಿದ ತಕ್ಷಣ ನನ್ನೊಳಗೆ ಎದ್ದದ್ದು ಸಿಟ್ಟಲ್ಲ. ಕೊನೆಗೂ ನನ್ನ ಪರವಾಗಿ ಯಾರೋ ಬರೆದರಲ್ಲ ಎಂಬ ಸಣ್ಣ ಕಳ್ಳ ಸಂತೋಷ.

ಅದು ಒಂದು ದಿನವೂ ಉಳಿಯಲಿಲ್ಲ. ಯಾರು ಬರೆದದ್ದು ಎಂದು ಯೋಚಿಸತೊಡಗಿದೆ, ಅಷ್ಟೇ.

ಕಪ್ಪು ಜನರೇ ಇರುವ ನಮ್ಮ ಪರ್ಸಿಮನ್ ಬೀದಿಗೆ ಈ ಊರು ಡಾಂಬರು ಹಾಕಿದ್ದು ನಾನು ಮದುವೆಯಾಗಿ ಬಂದು ಎಂಟು ವರ್ಷದ ಮೇಲೆ. ಆಗ ಯಾರಿಗೂ ಇಲ್ಲಿ ಇತಿಹಾಸ ಇದ್ದಂತೆ ಕಂಡಿರಲಿಲ್ಲ. ಈಗ ಅಟ್ಲಾಂಟಾದ ಜನ ಅಲ್ಲಿ ಮನೆ ಸಿಗದೆ ಇತ್ತ ಬರತೊಡಗಿದ ಮೇಲೆ, ಹತ್ತಿ ಗೋದಾಮು ಬಿಯರ್ ಅಂಗಡಿಯಾಯಿತು, ಅದರ ಹಿಂದೆ ಮೂರು ಮಹಡಿಯ ಮನೆಗಳೆದ್ದವು. ಪೇಟೆಯಲ್ಲಿ 'ಹತ್ತಿ ಹೊಲದ ಪರಿಮಳ' ಎಂಬ ಮೇಣದಬತ್ತಿ ಮಾರುತ್ತಾರೆ. ನಮ್ಮ ಅತ್ತೆ ಹದಿನಾಲ್ಕು ವರ್ಷ ಹತ್ತಿ ಬಿಡಿಸಿದವಳು. ಆ ಬತ್ತಿ ಮೂಸಿ ನೋಡಿ, "ಇದು ಸೋಪಿನ ವಾಸ್ನೆ ಕಣೆ. ಸೋಪು ಇದ್ದಿದ್ದು ಅವರ ಮನೇಲಿ, ಹೊಲದಲ್ಲಿ ಅಲ್ಲ" ಎಂದಳು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಪರಂಪರೆಗೂ ಬೆಳವಣಿಗೆಗೂ ಸಮತೋಲನ. ಮೇಯರ್ ಹೇಳುತ್ತಾನೆ, ಪಾದ್ರಿ ಹೇಳುತ್ತಾನೆ, ಬಿಯರ್ ಅಂಗಡಿಯವನೂ ಹೇಳುತ್ತಾನೆ. ಬೆಳವಣಿಗೆ ಎಂದರೆ ಅವರಿಗೆ ಬರುವುದು, ಪರಂಪರೆ ಎಂದರೆ ನಾವು ಪಾಲಿಸಬೇಕಾದ್ದು.

ನೋಟೀಸಿನ ಜೊತೆ ಒಂದು ಬಣ್ಣದ ಕೈಪಿಡಿಯಿತ್ತು. 'ಟಾರ್ವಿನ್ ಹೀಗಿತ್ತು' ಎಂದು ಮೇಲೆ ಬರೆದು, ಕೆಳಗೆ ಚರ್ಚ್ ಬೀದಿಯಲ್ಲಿರುವ ಥ್ಯಾಕ್ಸ್‌ಟನ್ನರ ಬಿಳಿ ಕಂಬದ ಮನೆಯ ಹಳೆಯ ಫೋಟೋ ಹಾಕಿದ್ದರು. ಮನೆ ಮುಂದೆ ಗಿಳಿಹಸಿರು ಹುಲ್ಲು. ನಾವೂ ಹೀಗೇ ಬೆಳೆಸಬೇಕಂತೆ. ಅತ್ತೆ ಬೈಬಲ್ ಓದುವ ಭೂತಗನ್ನಡಿ ತರಿಸಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಜೊನೆಟ್ಟಾ, ಬಾ ಇಲ್ಲಿ. ಹುಲ್ಲಿನ ಮೇಲೆ ಯಾವತ್ತಾದ್ರೂ ಪೊರಕೆ ಗೆರೆ ಬೀಳತ್ತಾ?"

ನಾನೂ ಗಾಜಿನಲ್ಲಿ ನೋಡಿದೆ. ಹಸಿರಿನ ಕೆಳಗೆ ಬೀಸಣಿಗೆಯ ಆಕಾರದ ಗೆರೆಗಳು, ಒಂದರ ಪಕ್ಕ ಒಂದು. ಪ್ರತಿ ಶನಿವಾರ ನಾನು ಎಳೆಯುವ ಗೆರೆಗಳೇ.

"ಬಣ್ಣ ಬಳ್ದಿದಾರೆ," ಎಂದಳು ಅತ್ತೆ. "ಆಗ ಎಲ್ರ ಮನೆ ಮುಂದೇನೂ ಗುಡ್ಸಿದ ನೆಲಾನೇ ಇದ್ದಿದ್ದು. ದೊಡ್ಡೋರ ಮನೇದು ಇನ್ನೂ ನುಣುಪಾಗಿತ್ತು. ಗುಡ್ಸೋರು ನಾವು, ಅವರಿಗೇನು ಬೆನ್ನು ನೋವಾ?"

ಮರುದಿನ ಶಾಲೆ ಮುಗಿಸಿ ಊರಿನ ಗ್ರಂಥಾಲಯಕ್ಕೆ ಹೋದೆ. ಮೂಲ ಫೋಟೋ ಅಲ್ಲಿ ಗೋಡೆಯ ಮೇಲೇ ಇತ್ತು. ೧೯೧೧ನೆಯ ಇಸವಿ, ಕಪ್ಪು ಬಿಳುಪು. ಕಂಬಗಳ ಮುಂದೆ ಬೋಳು ನೆಲ. ಕೈಪಿಡಿಯಲ್ಲಿ ಹತ್ತಿಕಾಯಿಯ ಚಿತ್ರ ಅಂಟಿಸಿದ್ದ ಮೂಲೆಯಲ್ಲಿ, ಮೂಲದಲ್ಲಿ ಒಬ್ಬಳು ಹೆಂಗಸಿದ್ದಳು. ಕೈಯಲ್ಲಿ ಕೊಂಬೆ ಪೊರಕೆ, ಬೆನ್ನು ನಮ್ಮ ಕಡೆಗೆ. ಅವಳು ಯಾರೋ ಗೊತ್ತಿಲ್ಲ. ಅತ್ತೆಯ ಅಜ್ಜಿ ಈಸ್ಟರ್ ಆ ಮನೆಯಲ್ಲೂ ದುಡಿದವಳು. ಆದರೆ ಬಗ್ಗಿದ ಬೆನ್ನು ಎಲ್ಲರದೂ ಒಂದೇ ಥರ ಇರುತ್ತದೆ. ನಾನು ಅದರ ಪ್ರತಿ ಮಾಡಿಸಿಕೊಂಡು ಬಂದೆ.

ತಿಂಗಳ ಕೊನೆಯಲ್ಲಿ ಸಮಿತಿಯ ಸಭೆ. ಮೇಜಿನ ಮೇಲೆ ಗರಿಗರಿ ಚೀಸ್ ಕಡ್ಡಿ, ಸಿಹಿ ಟೀ. ಏಳು ಜನ ಸದಸ್ಯರಲ್ಲಿ ಐವರು ಚರ್ಚ್ ಬೀದಿಯವರು. ಅಟ್ಲಾಂಟಾದಿಂದ ಕರೆಸಿದ್ದ ಒಬ್ಬ ಪ್ರವಾಸೋದ್ಯಮ ಸಲಹೆಗಾರ ಬೇರೆ, ಸಾಕ್ಸ್ ಇಲ್ಲದೆ ಬೂಟು ಹಾಕಿಕೊಂಡವನು. ನಾನು ಎದ್ದು ನಿಂತು ಎರಡು ಚಿತ್ರಗಳನ್ನೂ ಪಕ್ಕಪಕ್ಕ ಹಿಡಿದೆ. ಹೆಚ್ಚು ಮಾತಾಡಲಿಲ್ಲ. "ಇದು ನೀವು ಬಣ್ಣ ಬಳಿದದ್ದು. ಇದು ಇದ್ದದ್ದು. ನಮ್ಮನೆ ಅಂಗಳ ಇದ್ದ ಹಾಗೇ ಇದೆ. ನೋಟೀಸು ಯಾರಿಗೆ ಹೋಗಬೇಕಿತ್ತು, ನೀವೇ ಹೇಳಿ."

ಚೀಸ್ ಕಡ್ಡಿಯತ್ತ ಚಾಚಿದ್ದ ಕೈಗಳು ಹಿಂದೆ ಸರಿದವು. ಅವರಿಗೆ ನಾಚಿಕೆಯಾಯಿತೆಂದು ಭಾವಿಸಿದೆ. ಈ ವಯಸ್ಸಿಗೂ ನನಗೆ ಅಂಥ ಭ್ರಮೆಗಳಿವೆ.

"ಅಯ್ಯೋ, ಇದು ಬಂಗಾರ!" ಎಂದ ಸಲಹೆಗಾರ. "ಜನ ಇದನ್ನ ನೋಡೋಕೇ ಬರ್ತಾರೆ!"

ಕ್ಯಾಮಿಲ್ಲಾ ಥ್ಯಾಕ್ಸ್‌ಟನ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನಮ್ಮ ನಡುವೇನೇ ಜೀವಂತ ಪರಂಪರೆ ಇಟ್ಕೊಂಡು ನಾವು ನೋಡ್ಲೇ ಇಲ್ವಲ್ಲ, ಜೊನೆಟ್ಟಾ!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಅವಳಿಗೆ ಏನನ್ನೋ ಉಡುಗೊರೆ ಕೊಟ್ಟ ಹಾಗೆ.

ಮುಂದಿನ ಗುರುವಾರ ಅವಳೇ ಕಾಗದ ಹಿಡಿದು ಮನೆಗೆ ಬಂದಳು. ಪಕ್ಕದಲ್ಲಿ ಇಟ್ಟಿಗೆಯ ದಾರಿಯಿದೆ. ಅದನ್ನು ಬಿಟ್ಟು ಅಂಗಳದ ನಡುವೆಯೇ ನಡೆದು ಬಂದಳು. ಹಿಂದಿನ ರಾತ್ರಿ ಮಳೆಯಾಗಿ ನೆಲ ತುಸು ಮೆತ್ತಗಿತ್ತು. ಅವಳ ಪಾದರಕ್ಷೆಯ ಮೊಳೆಯಂಥ ಹಿಮ್ಮಡಿ ಪ್ರತಿ ಹೆಜ್ಜೆಗೂ ಒಂದು ತೂತು ಮಾಡಿತು. ಅತ್ತೆ ಅವಳ ಮುಖ ನೋಡಲಿಲ್ಲ, ತೂತುಗಳನ್ನು ನೋಡಿದಳು.

"ಮಿಸ್ ವರ್ಡೆಲ್, ಹೇಗಿದೀರಿ? ಸೊಂಟ ಹೇಗಿದೆ?"

ಕ್ಯಾಮಿಲ್ಲಾಳ ತಾಯಿ, ತನ್ನ ಮನೆಯಲ್ಲಿ ಕೆಲಸಕ್ಕಿದ್ದ ಇದೇ ಅತ್ತೆಯನ್ನು ಬರೀ ವರ್ಡೆಲ್ ಎಂದು ಕೂಗುತ್ತಿದ್ದಳು; ಆರು ವರ್ಷದ ಕ್ಯಾಮಿಲ್ಲಾಳನ್ನು ಅತ್ತೆ ಮಿಸ್ ಕ್ಯಾಮಿಲ್ಲಾ ಎನ್ನಬೇಕಿತ್ತು.

"ಇದ್ದಲ್ಲೇ ಇದೆ. ಕೂತ್ಕೋ ಕ್ಯಾಮಿಲ್ಲಾ," ಎಂದಳು ಅತ್ತೆ.

ಅವಳು ಕಾಗದ ಬಿಚ್ಚಿದಳು. ಹುಲ್ಲು ಬೇಡವಂತೆ. ಹುಲ್ಲು ಹಾಕಲೇಬಾರದಂತೆ. ಶನಿವಾರ ಹತ್ತರಿಂದ ಹನ್ನೆರಡರವರೆಗೆ ಜನರ ಮುಂದೆ ಗುಡಿಸಿ ತೋರಿಸಬೇಕು. ತಲೆಗೊಂದು ಬಟ್ಟೆ, ಸೊಂಟಕ್ಕೊಂದು ಬಿಳಿ ಏಪ್ರನ್ ಸಮಿತಿಯೇ ಕೊಡುತ್ತದೆ. ಸಹಿ ಹಾಕದಿದ್ದರೆ, ಪಾಪ, ಅವಳ ಕೈಯಲ್ಲೇನೂ ಇಲ್ಲ, ಹಳೇ ನೋಟೀಸೇ ಊರ್ಜಿತ.

"ಗುಡ್ಸೋದು ಜೊನೆಟ್ಟಾ ಗುಡ್ಸಲಿ," ಎಂದಳು. "ನೀವು ಕೂತ್ಕೊಂಡೇ ಕಥೆ ಹೇಳಿ ಮಿಸ್ ವರ್ಡೆಲ್. ಯಾಕೆ ಹೀಗೆ ಗುಡಿಸ್ತಿದ್ರು ಅಂತ ಮಕ್ಕಳಿಗೆ ಗೊತ್ತಾಗಬೇಕು."

"ಯಾಕೆ ಅಂದ್ರೆ ಹಾವು ಬಂದ್ರೆ ಕಾಣ್ಲಿ ಅಂತ," ಎಂದಳು ಅತ್ತೆ.

"ಎಷ್ಟು ಚೆನ್ನಾಗಿದೆ!"

"ಆಮೇಲೆ, ರಾತ್ರಿ ಯಾರು ಬಂದಿದ್ರು ಅಂತ ಬೆಳಿಗ್ಗೆ ಗೊತ್ತಾಗ್ಲಿ ಅಂತ. ನಮ್ಮಮ್ಮ ಎದ್ದ ತಕ್ಷಣ ನೋಡ್ತಿದ್ದಿದ್ದು ನೆಲಾನ. ಕಿಟಕಿ ಹತ್ರ ಬೂಟಿನ ಗುರುತು ಕಂಡ್ರೆ, ಆ ಬಿಳಿ ಜನ ಮತ್ತೆ ಬರೋ ಮುಂಚೆ ಅಪ್ಪನ್ನ ಹಿಂದಿನ ಬಾಗ್ಲಿಂದ ಅವನ ಅಕ್ಕನ ಊರಿಗೆ ಕಳಿಸ್ತಿದ್ಲು. ಒಂದ್ಸಲ ನಾಲ್ಕು ಜನರ ಬೂಟು ಇತ್ತು. ಅದ್ರಲ್ಲಿ ಒಂದರ ಹಿಮ್ಮಡಿಗೆ ಲಾಳ ಹೊಡ್ಸಿತ್ತು. ಆ ಬೂಟು ಯಾರದು ಅಂತ ಅಮ್ಮಂಗೆ ಗೊತ್ತಿತ್ತು. ಚರ್ಚ್ ಬೀದೀಲಿ ಅದನ್ನ ಪಾಲಿಶ್ ಮಾಡ್ತಿದ್ದೋಳು ಅವಳೇ."

ಕ್ಯಾಮಿಲ್ಲಾ ಪೆನ್ನಿನ ಮುಚ್ಚಳ ತಿರುಗಿಸಿದಳು. ತೆಗೆದಳು, ಹಾಕಿದಳು.

"ಹಾವಿನ ಕಥೇನೇ ಇರ್ಲಿ," ಎಂದಳು. "ಮಕ್ಕಳಿಗೆ ಅದು ಇಷ್ಟವಾಗತ್ತೆ."

ಅವಳಿಗೆ ಏನಾದರೂ ಅನ್ನಿಸಿತೋ ಎಂದು ಮುಖ ನೋಡಿದೆ. ಅನ್ನಿಸಿರಲಿಲ್ಲ. ಕೆಲವರ ಮುಖವೂ ಹುಲ್ಲುಹಾಸಿನ ಹಾಗೆ. ಏನು ನಡೆದು ಹೋದರೂ ಗುರುತು ನಿಲ್ಲುವುದಿಲ್ಲ. ಕಾಗದವನ್ನು ಜಗಲಿಯ ಮೇಲಿಟ್ಟು, ಸೋಮವಾರದೊಳಗೆ ಸಹಿ ಹಾಕಿ ಕಳಿಸಿ ಎಂದು ಹೇಳಿ, ಮತ್ತೆ ಅಂಗಳದ ನಡುವೆಯೇ ನಡೆದು ಹೋದಳು.

"ನೀವು ಈ ಬೂಟಿನ ವಿಷಯ ನಂಗೆ ಯಾವತ್ತೂ ಹೇಳಿಲ್ಲ," ಎಂದೆ.

"ನೀನು ಯಾವತ್ತು ಕೇಳ್ದೆ? ನಿಂದು ಯಾವಾಗ್ಲೂ ಹುಲ್ಲಿನ ಮಾತು."

ಕ್ಯಾಮಿಲ್ಲಾ ದಪ್ಪ ಕಾಗದದ ಮೇಲೆ ಬರೆದದ್ದನ್ನೇ ನಾನು ಇಪ್ಪತ್ತೈದು ವರ್ಷ ಗಂಡನ ಕಿವಿಯಲ್ಲಿ ಹೇಳುತ್ತ ಬಂದಿದ್ದೆ. ಅವಳ ಮೇಲಿನ ತಿರಸ್ಕಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕಾದದ್ದು. ಆದರೆ ಅದನ್ನು ಆಮೇಲೆ ನೋಡಿಕೊಳ್ಳಬಹುದಿತ್ತು. ಮುಂದೆ ಸೋಮವಾರವಿತ್ತು.

"ಸಹಿ ಹಾಕ್ತೀರಾ ಅಮ್ಮ?"

"ನನ್ನ ಸೊಂಟ ಮುರ್ದಿರೋದು. ತಲೆ ಅಲ್ಲ."

"ಹಂಗಾದ್ರೆ ಹುಲ್ಲು ಹಾಕ್ಬೇಕಾಗತ್ತೆ."

ಅವಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಅಂಗಳ ನೋಡುತ್ತ ಕೂತಳು. ಎಂಬತ್ತಮೂರು ವರ್ಷದ ಅವಳು ಯಾರನ್ನೂ ಬೇಡಿಕೊಂಡದ್ದನ್ನು ನಾನು ಕಂಡಿಲ್ಲ, ಆಗಲೂ ಬೇಡಲಿಲ್ಲ.

ಪುರಸಭೆಯ ಕೌಂಟರಿನ ಮೇಲೆ ಗುಲಾಬಿ ಬಣ್ಣದ ಅರ್ಜಿಗಳ ಕಟ್ಟೊಂದನ್ನು ಇಟ್ಟಿರುತ್ತಾರೆ. ನಿಯಮ ಮೀರಿದ ಮನೆ ಕಂಡರೆ ಯಾರು ಬೇಕಾದರೂ ತುಂಬಿ ಕೊಡಬಹುದು. ಕೊಟ್ಟರೆ ಮುಂದಿನ ಸಭೆಯಲ್ಲಿ ವಿಚಾರಣೆ ಆಗಲೇಬೇಕು. ನಮ್ಮ ಬೀದಿಯವರ ಮೇಲೆ ದೂರು ಕೊಡಲೆಂದೇ ಅದನ್ನು ಅಚ್ಚು ಹಾಕಿಸಿದ್ದರು. ಸೋಮವಾರ ನಾನು ಆರು ಅರ್ಜಿ ತುಂಬಿದೆ. ಗ್ರಂಥಾಲಯದ ಗೋಡೆಯ ಮೇಲೆ ಚರ್ಚ್ ಬೀದಿಯ ಆರು ಮನೆಗಳ ಹಳೆಯ ಫೋಟೋಗಳಿದ್ದವು. ಆರರಲ್ಲೂ ಪೊರಕೆಯ ಗೆರೆಗಳಿದ್ದವು. ಒಂದೊಂದು ಅರ್ಜಿಗೂ ಒಂದೊಂದು ಪ್ರತಿ ಲಗತ್ತಿಸಿದೆ. ದೂರಿನ ಜಾಗದಲ್ಲಿ ಅವರದೇ ಮಾತು ಬರೆದೆ: ಈ ಮನೆಯ ಮುಂದೆ ಹುಲ್ಲು ಬೆಳೆದಿದೆ, ಅದು ಊರಿನ ಐತಿಹಾಸಿಕ ಸ್ವರೂಪಕ್ಕೆ ಹೊಂದುವುದಿಲ್ಲ, ಅರವತ್ತು ದಿನದೊಳಗೆ ಕಿತ್ತುಹಾಕಿ, ಗುಡಿಸತಕ್ಕದ್ದು. ಕೊನೆಯಲ್ಲಿ 'ಪ್ರೀತಿಯಿಂದ' ಎಂದು ಸಹಿ ಹಾಕಿದೆ.

ಗುಮಾಸ್ತೆ ಮೊದಲ ಅರ್ಜಿ ಓದಿ ಕತ್ತೆತ್ತಿದಳು. "ಜೊನೆಟ್ಟಾ... ಇದು ಮಿಸ್ ಕ್ಯಾಮಿಲ್ಲಾ ಮನೆ ಅಲ್ವಾ?"

"ಮನೆ ನಂಬರು ಸರಿಯಾಗಿದೆಯಾ ನೋಡು."

"ಅವರ ಹುಲ್ಲಿಗೆ ನೆಲದೊಳಗೆ ನೀರಿನ ಪೈಪು ಹಾಕ್ಸಿದಾರೆ ಕಣೆ. ಹೋದ ವರ್ಷ ತಾನೇ."

"ಪೈಪು ೧೯೧೧ರ ಫೋಟೋದಲ್ಲಿ ಕಾಣ್ಲಿಲ್ಲ. ಅದನ್ನೂ ಸೇರ್ಸಿ ಬರೀಬೇಕಿತ್ತೇನೋ."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಆರಕ್ಕೂ ಮೊಹರು ಒತ್ತಿದಳು.

ಏಪ್ರಿಲ್ ಕೊನೆಯ ಸಭೆಗೆ ನಾನು ಮೊದಲ ಸಾಲಿನಲ್ಲಿ ಕೂತೆ. ಆ ದಿನ ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಸಲಹೆಗಾರ ಬಂದಿರಲಿಲ್ಲ. ಅಂಗಳ ಎನ್ನುವುದು ಬಹಳ ಸೂಕ್ಷ್ಮವಾದ, ವೈಯಕ್ತಿಕವಾದ ವಿಷಯ ಎಂದು ಕ್ಯಾಮಿಲ್ಲಾ ಓದಿದಳು. ಮಾಲೀಕರ ಇಷ್ಟಕ್ಕೆ ಬಿಡುವುದೇ ಟಾರ್ವಿನ್ನಿನ ನಿಜವಾದ ಪರಂಪರೆ ಎಂದಳು. ನಿಯಮದಿಂದ ಅಂಗಳದ ಕಲಮನ್ನೇ ತೆಗೆದುಹಾಕಿದರು. ಏಳು ಕೈಗಳೂ ಮೇಲೆದ್ದವು. ಹೊರಬೀಳುವಾಗ ಅವಳು ನನ್ನ ತೋಳು ಮುಟ್ಟಿ, "ನಿಮ್ಮತ್ತೆ ಸಮತೋಲನ ಅಂದ್ರೆ ಏನು ಅಂತ ನಮಗೆಲ್ಲ ಕಲಿಸಿದ್ರು," ಎಂದಳು. ನಾನು ಒಂದು ಚೀಸ್ ಕಡ್ಡಿ ತೆಗೆದುಕೊಂಡು ಮನೆಗೆ ಬಂದೆ. ಉಪ್ಪು ಹೆಚ್ಚಾಗಿತ್ತು.

ಅತ್ತೆಗೆ ಎಲ್ಲ ಹೇಳಿದೆ. ಏಳು ಕೈ ಎದ್ದದ್ದನ್ನು ಎರಡು ಸಲ ಹೇಳಿಸಿಕೊಂಡಳು. ಹೊಟ್ಟೆ ಅಲುಗುವ ಹಾಗೆ ನಕ್ಕು ಸೊಂಟ ಹಿಡಿದುಕೊಂಡಳು. ಆಮೇಲೆ, ನನ್ನ ಕಡೆ ನೋಡದೆ, "ಇನ್ನು ಯಾರೂ ಕೇಳಲ್ಲ. ನಿಂಗೆ ಬೇಕಾದ್ರೆ ಹುಲ್ಲು ಹಾಕ್ಸು," ಎಂದಳು. "ನಂಗೂ ಗೊತ್ತು, ನಿಂಗೆ ಇದು ಇಷ್ಟ ಇಲ್ಲ ಅಂತ. ನಾನು ಇನ್ನೆಷ್ಟು ದಿನ ಇರ್ತೀನಿ?"

ಮೂವತ್ತೊಂದು ವರ್ಷ ಕಾದ ಮಾತು. ಬಂದಾಗ ಕೈಗೆ ತೆಗೆದುಕೊಳ್ಳಲು ಆಗಲಿಲ್ಲ.

"ನೋಡೋಣ," ಎಂದೆ. "ಮೊದ್ಲು ಆ ತೂತುಗಳು ಹೋಗ್ಲಿ."

ಕ್ಯಾಮಿಲ್ಲಾ ಬಂದು ಹೋದ ಮೇಲೆ ಒಂದು ಶನಿವಾರವೂ ಅತ್ತೆ ನನಗೆ ಗುಡಿಸಲು ಬಿಟ್ಟಿರಲಿಲ್ಲ. "ಇರ್ಲಿ, ಬಂದಿದ್ದು ಯಾರು ಅಂತ ಗೊತ್ತಿರ್ಲಿ," ಎಂದಿದ್ದಳು. ಕೆಂಪು ನೆಲ ಒಣಗಿ ಆ ತೂತುಗಳು ಗಟ್ಟಿಯಾಗಿದ್ದವು. ಬೇಲಿಯಿಂದ ಜಗಲಿಗೆ ಒಂದು ಸಾಲು, ಜಗಲಿಯಿಂದ ಬೇಲಿಗೆ ಒಂದು ಸಾಲು. ನಾನು ಬಕೆಟ್ಟಿನಲ್ಲಿ ನೀರು ತಂದು ಚಿಮುಕಿಸಿ, ಮಣ್ಣು ತುಂಬಿ, ಹಿಮ್ಮಡಿಯಿಂದ ಒತ್ತಿದೆ. ಆಮೇಲೆ ಬೇಲಿಯ ಬಳಿ ನಿಂತು ಪೊರಕೆ ಹಿಡಿದೆ. ನನಗೆ ಆ ಕೆಲಸದ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ. ಬೆನ್ನು ಎಂದಿನಂತೆಯೇ ನೋಯಿತು.

"ಅಲ್ಲಿ ಬಿಟ್ಟೆ," ಎಂದಳು ಅತ್ತೆ. "ನಿನ್ನ ಬಲಗಡೆ."

ಒಂದು ಹೆಜ್ಜೆ ಮುಂದೆ ಹೋಗಿ ಬಲಗಡೆ ಗುಡಿಸಿದೆ. ಮತ್ತೆ ಹಿಂದೆ ಸರಿಯುತ್ತ, ನನ್ನ ಹೆಜ್ಜೆಯನ್ನೂ ಅಳಿಸುತ್ತ, ಮೆಟ್ಟಿಲು ಹತ್ತಿದೆ.