ಬೀಗದವನ ಹೆಂಡತಿಯ ಕಣ್ಣು

ಬೀಗದವನು ತೆಗೆಯಲಾಗದ ಬೀಗ ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವನ ಕೆಮ್ಮು ಕೇಳಿದರೇ ತಿಜೋರಿಗಳು ಸಡಿಲವಾಗುತ್ತಿದ್ದವು. ಅಂಥವನಿಗೆ ಹೆಂಡತಿಯ ಎರಡು ರೆಪ್ಪೆಗಳನ್ನು ಮಾತ್ರ ತೆರೆಸಲಾಗಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಮಹಾತಾಯಿ ಮಿಂಚಿಗಿಂತ ಮೊದಲೇ ಕಣ್ಣು ಮುಚ್ಚುವಳು. ಗುರುತಿನ ಚೀಟಿಯ ಕಚೇರಿಯವರೂ ಸೋತು, ನಿದ್ದೆಯ ಮುಖಕ್ಕೇ ಮುದ್ರೆ ಒತ್ತಿ ಕಳಿಸಿದ್ದರು.

ಅವಳು ತೀರಿಕೊಂಡು ವರ್ಷವಾಗಿತ್ತು. ಅವಳು ತನ್ನನ್ನು ನೋಡುತ್ತಿರುವ ಒಂದೇ ಒಂದು ಫೋಟೋ ಬೇಕೆಂದು ಅವನು ಈ ವಯಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ತರಗತಿಗೆ ಸೇರಿದ. ಅವನ ಬೆರಳಿಗೆ ಸಿಕ್ಕಿ ಒಂದು ಡಜನ್ ಮೌಸು ಪ್ರಾಣಬಿಟ್ಟ ಮೇಲೆ ವಿದ್ಯೆ ಒಲಿಯಿತು.

“ಕಣ್ಣು ಬಿಟ್ಟಿರೋ ಫೋಟೋ ಇದ್ರೆ, ಅಲ್ಲಿಂದ ಕತ್ತರಿಸಿ ಅಂಟಿಸಬಹುದು,” ಎಂದಳು ಪಾಠ ಹೇಳುವ ಮೇಡಂ.

“ಇದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಮೇಡಂ?”

ಅಕ್ಕತಂಗಿಯರ ಕಣ್ಣು ಒಂದೇ ಅಚ್ಚು ಎಂದು ನೆಂಟರೆಲ್ಲ ಹೇಳುತ್ತಿದ್ದದ್ದು ನೆನಪಾಗಿ, ಅವನು ನಾದಿನಿಯನ್ನು ತರಗತಿಗೆ ಕರೆತಂದ. ಹೆಂಡತಿಯ ಹಳೆಯ ಫೋಟೋದಲ್ಲಿ ಬೆಳಕು ಎಡಗಡೆಯ ಕಿಟಕಿಯಿಂದ ಬಿದ್ದಿತ್ತು. ನಾದಿನಿಯನ್ನೂ ಹಾಗೆಯೇ ಕೂರಿಸಿದ.

“ಬೇಗ ತೆಗೀರಿ ಭಾವ. ಹೆಣ್ಣು ನೋಡೋಕೆ ಬಂದಾಗ್ಲೂ ನನ್ನ ಇಷ್ಟು ಹೊತ್ತು ಕೂರಿಸಿರಲಿಲ್ಲ.”

“ಅಲ್ಲಾಡಬೇಡಮ್ಮ, ಫೋಕಸ್ ಹೋಗತ್ತೆ.”

“ನನ್ನ ಸೊಂಟ ಹೋಗಿ ಆಗಲೇ ಅರ್ಧ ಗಂಟೆ ಆಯ್ತು.”

ಆ ಕಣ್ಣುಗಳನ್ನು ಕತ್ತರಿಸಿ, ಹೆಂಡತಿಯ ಮುಖದ ಮೇಲೆ ಹೊಸ ಪದರವಾಗಿಟ್ಟು, ಅಂಚು ಮೆತ್ತಗೆ ಮಾಡಿ, ಬಣ್ಣ ಹೊಂದಿಸಿದ. ಹೆತ್ತ ತಾಯಿ ಎದ್ದು ಬಂದಿದ್ದರೂ ಬೆಸುಗೆ ಕಾಣುತ್ತಿರಲಿಲ್ಲ. ಪರದೆಯ ಹೆಂಗಸು ಕಣ್ಣರಳಿಸಿ ಅವನನ್ನು ನೋಡಿದಳು, ಬೀದಿಯಲ್ಲಿ ಯಾರೋ ವಿಳಾಸ ಕೇಳಿದರೆ ನೋಡುವ ಹಾಗೆ.

“ಇದು ಅಕ್ಕ ಅಲ್ಲ ಭಾವ.” ನಾದಿನಿಯ ದನಿ ಸಣ್ಣಗಾಯಿತು. “ಅಕ್ಕನ ಮುಖ ಹಾಕ್ಕೊಂಡು ನಾನೇ ಕೂತಿದೀನಿ.”

ಅವನು ಅಂಟಿಸಿದ ಪದರವನ್ನು ಮರೆಮಾಡಿದ. ತಂಗಿಯ ಕಣ್ಣುಗಳು ಮಾಯವಾಗಿ ಹೆಂಡತಿಯ ಮುಚ್ಚಿದ ರೆಪ್ಪೆಗಳು ಮರಳಿದವು. ಆ ರೆಪ್ಪೆಗಳ ಮುಂದಿನ ಗಳಿಗೆ ಅವನಿಗೆ ಗೊತ್ತಿತ್ತು. ಅವನು ಕ್ಯಾಮೆರಾ ಕೆಳಗಿಳಿಸಿದೊಡನೆ ಅವಳು ಒಂದೇ ಕಣ್ಣು ಬಿಟ್ಟು, “ಆಯ್ತಾ?” ಎಂದು ಅವನನ್ನೇ ನೋಡುತ್ತಿದ್ದಳು. ಪ್ರತಿ ಸಲವೂ.

“ತರಗತಿ ಮುಗೀತು, ಕಂಪ್ಯೂಟರ್ ಆರಿಸಲಾ?” ಎಂದಳು ಮೇಡಂ.

“ಸ್ವಲ್ಪ ತಾಳಿ ಮೇಡಂ,” ಎಂದ ಬೀಗದವನು, ಕುರ್ಚಿಯನ್ನು ಪರದೆಯ ಹತ್ತಿರಕ್ಕೆಳೆದುಕೊಳ್ಳುತ್ತ. “ಇನ್ನೇನು ಕಣ್ಣು ಬಿಡ್ತಾಳೆ.”